ಊರಿಗೆ ಬರಲಿಲ್ಲ, ಟೋಪಿ ಕಳಿಸಿದಳು!

ನಿರ್ಮಾಪಕರಿಗೆ ಟೋಪಿ ಹಾಕಿದ ತಾರೆಯರ ಕಥೆ ನೀವು ಬೇಕಾದಷ್ಟು ಓದಿದ್ದೀರಿ. ಇದು ಟೋಪಿ ಕಳಿಸಿದ ತಾರೆಯ ಕಥೆ!

1980ನೇ ಇಸವಿ. ಹಂಗೇರಿ ದೇಶದ ರಾಜಧಾನಿ ಬುಡಾಪೆಸ್ಟ್. ಒಂದು ಕಾಲಕ್ಕೆ ಆ ಊರಿನ ಗಂಡಸರ ನಿದ್ದೆ ಕದ್ದಿದ್ದ ನಟಿಗೆ ಎಪ್ಪತ್ತು ತುಂಬುತ್ತಿತ್ತು. ಹುಟ್ಟುಹಬ್ಬಕ್ಕೆ ಬಂದುಹೋಗಿ ಎಂದು ಸ್ವದೇಶದಿಂದ ಕರೆ ಹೋಯಿತು. ಆಕೆ ಆಗ ಅಮೆರಿಕದ ನ್ಯೂಯಾರ್ಕಿನಲ್ಲಿದ್ದಳು. ಸಿನಿಮಾ ಬಿಟ್ಟು ಮೂವತ್ತು ವರ್ಷದ ಮೇಲಾಗಿತ್ತು. ಹೆಂಗಸರ ಟೋಪಿ ಮಾಡಿ ಮಾರುವುದೇ ಜೀವನ. ಆಕೆ ಬರಲಿಲ್ಲ. ತನ್ನ ಬದಲಿಗೆ ಒಂದು ಟೋಪಿ ಕಳಿಸಿದಳು!

ಯಾಕೆ ಬರಲಿಲ್ಲ? ಅದಕ್ಕೆ ಹಿಂದಿನಿಂದಲೇ ಹೇಳಬೇಕು.

ಹೆಸರು ಕತಲಿನ್ ಕರಾಡಿ. (ಕರಡಿ ಅಲ್ಲ ಮಾರಾಯ್ರೆ, ಕರಾಡಿ! ಅಚ್ಚಿನಲ್ಲಿ ದೀರ್ಘ ಬಿದ್ದುಹೋದರೆ ತಪ್ಪು ನನ್ನದಲ್ಲ.) ಹುಟ್ಟಿದ್ದು 1910ರ ಡಿಸೆಂಬರ್ 8ರಂದು, ಬುಡಾಪೆಸ್ಟಿನ ಕೋಬಾನ್ಯಾ ಎಂಬ ಬಡವರ ಬಡಾವಣೆಯಲ್ಲಿ. ಆಗಿನ ಹೆಸರು ಕತಲಿನ್ ಕಾಂಟ್ಸ್ಲೆರ್. ಅಪ್ಪ ಬೂಟು ಹೊಲಿಯುವವನು. ಮನೆಯಲ್ಲಿ ಏಳು ಮಕ್ಕಳು. ಮೊದಲ ಮಹಾಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ಹಂಗೇರಿಯಲ್ಲಿ ಮಕ್ಕಳಿಗೆ ಹೊಟ್ಟೆ ತುಂಬ ಊಟವಿರಲಿಲ್ಲ. ಧರ್ಮಕಾರ್ಯದ ಸಂಸ್ಥೆಗಳು ಅಂಥ ಮಕ್ಕಳನ್ನು ರೈಲು ಹತ್ತಿಸಿ ಸ್ವಿಟ್ಜರ್‌ಲೆಂಡ್, ಹಾಲೆಂಡ್ ದೇಶಗಳ ಅನುಕೂಲಸ್ಥರ ಮನೆಗಳಿಗೆ ಕಳಿಸುತ್ತಿದ್ದವು. ನಮ್ಮ ನಾಯಕಿಯೂ ಹಾಗೆ ಹೋಗಿ, ಕೆಲವು ವರ್ಷ ಪರರ ಮನೆಯ ಅನ್ನ ತಿಂದು, ಪರಭಾಷೆ ಕಲಿತು ಬಂದಳು.

ಆಮೇಲೆ ತನಗಿಂತ ಬಹಳ ದೊಡ್ಡ ವಯಸ್ಸಿನ ಒಬ್ಬ ಅಧಿಕಾರಿಯ ಜೊತೆ ಮದುವೆ. ಅದು ಬಾಳಲಿಲ್ಲ. ಕೈಯಲ್ಲಿ ಕಾಸಿಲ್ಲ, ಓದೂ ಹೆಚ್ಚಿಲ್ಲ, ಇರುವುದು ಎರಡೇ ಎರಡು ಆಸ್ತಿ: ಮುಖ ಮತ್ತು ಕಂಠ.

ಪತ್ರಕರ್ತ ಕಂಡುಹಿಡಿದ ತಾರೆ

ಈಗ ಬರುತ್ತಾನೆ ನೋಡಿ, ನಮ್ಮ ಜಾತಿಯವನೊಬ್ಬ! ಜೋಲ್ತಾನ್ ಎದ್ಯೆದ್. ಬುಡಾಪೆಸ್ಟಿನಲ್ಲಿ ಸಿನಿಮಾ, ನಾಟಕ, ಸಾಹಿತ್ಯಕ್ಕೆ ಮೀಸಲಾದ ವಾರಪತ್ರಿಕೆಯ ಸಂಪಾದಕ. ಇವನ ಲೇಖನಿಗೆ ಸ್ಟುಡಿಯೋದವರೂ ಹೆದರುತ್ತಿದ್ದರು. ಈ ಹೆಣ್ಣಿನ ದನಿ ಕೇಳಿದವನೇ ಕಿವಿ ನಿಮಿರಿಸಿದ. ಕಾಂಟ್ಸ್ಲೆರ್ ಎಂಬ ಹೆಸರನ್ನು ಕಿತ್ತುಹಾಕಿ 'ಕರಾಡಿ' ಎಂದು ಹೊಸ ನಾಮಕರಣ ಮಾಡಿದ. ನಟನೆಯ ಪಾಠಕ್ಕೆ ದಾರಿ ಮಾಡಿದ. ಹೇಗೆ ನಿಲ್ಲಬೇಕು, ಏನು ಉಡಬೇಕು, ಎಲ್ಲಿ ಕಾಣಿಸಿಕೊಳ್ಳಬೇಕು, ಎಲ್ಲಿ ಕಾಣಿಸಿಕೊಳ್ಳಬಾರದು... ಎಲ್ಲ ಇವನದೇ ಲೆಕ್ಕ. ಸಿನಿಮಾ ಪತ್ರಕರ್ತರು ಕಾಫಿ ಕುಡಿದು ಗಾಸಿಪ್ ಬರೆಯುತ್ತಾರೆ ಅಷ್ಟೇ ಅನ್ನುವವರು ಈ ಪ್ಯಾರಾ ಇನ್ನೊಂದು ಸಲ ಓದಲಿ!

1939ರ ಡಿಸೆಂಬರ್ 21. 'ಹಲಾಲೋಶ್ ತವಸ್' ತೆರೆಕಂಡಿತು. ಕನ್ನಡದಲ್ಲಿ ಹೇಳುವುದಾದರೆ 'ಮೃತ್ಯು ವಸಂತ'. ಕಥೆ ಲಾಯೋಶ್ ಜಿಲಾಹಿ ಎಂಬ ಹೆಸರಾಂತ ಕಾದಂಬರಿಕಾರನದು, ನಿರ್ದೇಶನ ಲಾಸ್ಲೊ ಕಲ್ಮಾರ್. ನಾಯಕ ಪಾಲ್ ಯಾವೋರ್, ಆ ದೇಶದ ಆಗಿನ ನಂಬರ್ ಒನ್ ಹೀರೋ, ಮೀಸೆಗೆ ಪ್ರಸಿದ್ಧ. ಒಂದು ಕಡೆ ತಣ್ಣಗಿನ ಸಾಧು ಹುಡುಗಿ, ಇನ್ನೊಂದು ಕಡೆ ಬೆಂಕಿಯಂಥ ಹೆಣ್ಣು. ನಡುವೆ ಸಿಕ್ಕ ನಾಯಕ ಬೆಂಕಿಯನ್ನೇ ಆರಿಸಿಕೊಂಡು ಕೊನೆಗೆ ತನ್ನ ಪಿಸ್ತೂಲಿನಿಂದಲೇ ಸಾಯುತ್ತಾನೆ. ಆ ಬೆಂಕಿ ನಮ್ಮ ಕರಾಡಿ!

ಆಗ ಆಕೆಗೆ ವಯಸ್ಸು 29. ಹದಿನೆಂಟು ತುಂಬದ ಹುಡುಗಿಯರನ್ನು ಹುಡುಕುವ ಸಿನಿಮಾ ಲೋಕದಲ್ಲಿ 29ಕ್ಕೆ ಮೊದಲ ಚಿತ್ರ! ಆದರೆ ಚಿತ್ರ ಬಿಡುಗಡೆಯಾದದ್ದೇ ತಡ, ಊರಿಗೆ ಊರೇ ತಲೆಕೆಟ್ಟು ಕೂತಿತು. ಹೆಂಗಸರು ಆಕೆಯ ಹಾಗೆ ಕೂದಲು ಬಿಟ್ಟುಕೊಂಡರು, ಆಕೆಯ ಹಾಗೆ ದನಿ ತಗ್ಗಿಸಿ ಮಾತಾಡಲು ಕಲಿತರು. ಸಂಪ್ರದಾಯಸ್ಥರು 'ಇದೇನು ಕಾಲ ಬಂತಪ್ಪ' ಎಂದು ಹುಬ್ಬು ಗಂಟಿಕ್ಕಿದರು. ಗಲ್ಲಾಪೆಟ್ಟಿಗೆಗೆ ಅಷ್ಟು ಸಾಕಲ್ಲ!

ಅಲ್ಲಿಯವರೆಗೆ ಹಂಗೇರಿಯ ಚಿತ್ರಗಳೆಂದರೆ ಹೆಚ್ಚಿನಂಶ ಲಘು ಹಾಸ್ಯ, ತಪ್ಪು ತಿಳಿವಳಿಕೆ, ಕಡೆಗೊಂದು ಮದುವೆ. ನಾಯಕಿಯರ ದನಿ ಗಿಣಿಯದು. ಕರಾಡಿಯ ದನಿಯೋ, ಕೆಳಗೆಲ್ಲೋ ಬಾವಿಯಿಂದ ಬಂದಂತೆ! ಗಂಡಸಿನ ದನಿಗೆ ಹತ್ತಿರ, ಅರ್ಧ ಹಾಡು, ಅರ್ಧ ಮಾತು, ಹೊಗೆ ಸುತ್ತಿದ ಹಾಗೆ. 1939ರಿಂದ 1948ರ ಒಳಗೆ ಸುಮಾರು 20 ಚಿತ್ರಗಳು. ಅವುಗಳ ಹಾಡುಗಳೆಲ್ಲ ಗ್ರಾಮಾಫೋನ್ ತಟ್ಟೆಯಾಗಿ ಮನೆಮನೆ ಸೇರಿದವು.

ಸತ್ಯ ಹೇಳಿಬಿಡುತ್ತೇನೆ. ನಟನೆಯಲ್ಲಿ ಆಕೆ ಮಹಾ ಪ್ರಚಂಡೆಯೇನೂ ಅಲ್ಲ. ಮುಖದಲ್ಲಿ ಗೆರೆ ಅಲುಗುವುದು ಕಡಿಮೆ. ಅಳುವ ದೃಶ್ಯದಲ್ಲಿ ಯಾವೋರ್ ಆಕೆಯನ್ನು ಸಲೀಸಾಗಿ ಹಿಂದೆ ಹಾಕುತ್ತಾನೆ. ಆದರೆ ಸುಮ್ಮನೆ ಬಾಗಿಲಿಗೆ ಒರಗಿ ನಿಂತು ಒಂದು ನೋಟ ನೋಡುತ್ತಾಳಲ್ಲ, ಆಗ ನಿಮ್ಮ ಕಣ್ಣು ಯಾವೋರ್ ಕಡೆ ಹೋಗುವುದಿಲ್ಲ. ಅದನ್ನು ಯಾವ ಮೇಷ್ಟ್ರೂ ಕಲಿಸಲಾರರು.

ಬೇಹುಗಾರರ ಒಡೆಯನ ಜೊತೆ ಪ್ರೇಮ

ಇಲ್ಲಿ ಸ್ವಲ್ಪ ರಾಜಕೀಯ ಬೇಕು, ಬೇಸರ ಮಾಡಬೇಡಿ.

ಆಗ ಹಂಗೇರಿಯನ್ನು ಆಳುತ್ತಿದ್ದವನು ಹೋರ್ತಿ. ಸಮುದ್ರವಿಲ್ಲದ ದೇಶಕ್ಕೆ ಅಡ್ಮಿರಲ್, ರಾಜನಿಲ್ಲದ ರಾಜ್ಯಕ್ಕೆ ರಾಜಪ್ರತಿನಿಧಿ! ಎರಡನೇ ಮಹಾಯುದ್ಧದಲ್ಲಿ ಹಂಗೇರಿ ಹಿಟ್ಲರನ ಪಕ್ಷ. ಆದರೆ 1943ರ ಹೊತ್ತಿಗೆ ಜರ್ಮನಿ ಸೋಲುವುದು ಖಾತ್ರಿಯಾಗಿ, ಒಳಗೊಳಗೇ ಬ್ರಿಟನ್ ಮತ್ತು ಅಮೆರಿಕದ ಜೊತೆ ಗುಟ್ಟಿನ ಮಾತುಕತೆ ಶುರುವಾಗಿತ್ತು. ಆ ಗುಟ್ಟಿನ ಕೆಲಸದಲ್ಲಿ ಕೈಯಿದ್ದವನು ಜನರಲ್ ಇಷ್ತ್‌ವಾನ್ ಉಯ್‌ಸಾಸಿ. 1942ರಲ್ಲಿ ಸ್ಥಾಪನೆಯಾದ ರಾಜ್ಯ ರಕ್ಷಣಾ ಕೇಂದ್ರದ ಮುಖ್ಯಸ್ಥ. ಅಂದ್ರೆ ದೇಶದ ಬೇಹುಗಾರರಿಗೆಲ್ಲ ಯಜಮಾನ. ಈ ಜನರಲ್ ಮತ್ತು ನಮ್ಮ ತಾರೆ ಪ್ರೇಮಿಗಳು!

1944ರ ಮಾರ್ಚ್ ನಡುವಿನಲ್ಲಿ ಅಮೆರಿಕದ ಮೂವರು ಗುಪ್ತಚರರು ಕತ್ತಲಲ್ಲಿ ಪ್ಯಾರಾಚೂಟ್ ಬಿಚ್ಚಿ ಹಂಗೇರಿಯಲ್ಲಿ ಇಳಿದರು. ಅವರನ್ನು ಬರಮಾಡಿಕೊಳ್ಳುವ ಏರ್ಪಾಡಿನಲ್ಲಿ ಉಯ್‌ಸಾಸಿ ಇದ್ದ. ಮಾತು ಮುಂದುವರಿಯುವ ಮೊದಲೇ, ಮಾರ್ಚ್ 19ಕ್ಕೆ, ಹಿಟ್ಲರನ ಸೈನ್ಯ ಹಂಗೇರಿಯೊಳಗೆ ನುಗ್ಗಿತು.

ಅದೇ 1944ರ ಚಿತ್ರ 'ಮಾಚಿತಾ'. ಅದರಲ್ಲಿ ಕರಾಡಿಯದು ಮಿಲಿಟರಿ ರಹಸ್ಯ ಕದಿಯಲು ಬರುವ ಬೇಹುಗಾರ್ತಿಯ ಪಾತ್ರ. ಆ ವರ್ಷದ ಏಪ್ರಿಲ್ 18ರಂದು ಜರ್ಮನ್ ಗುಪ್ತ ಪೊಲೀಸರು, ಅದೇ ಕುಖ್ಯಾತ ಗೆಸ್ಟಾಪೊ, ಆಕೆಯನ್ನು ಹಿಡಿದೊಯ್ದರು. ಆರೋಪ? ಶತ್ರುಗಳ ಪರ ಬೇಹುಗಾರಿಕೆ!

ಈ ಸಲ ಕ್ಯಾಮೆರಾ ಇರಲಿಲ್ಲ. 'ಕಟ್' ಅನ್ನಲು ನಿರ್ದೇಶಕನಿರಲಿಲ್ಲ. ಸುಮಾರು ಮೂರು ತಿಂಗಳು ಸೆರೆಮನೆ. ವಿಚಾರಣೆ ಎಂಬ ಹೆಸರಿನಲ್ಲಿ ಹೊಡೆತ. ಊರಿನ ಗಂಡಸರೆಲ್ಲ ಗೋಡೆಗೆ ಅಂಟಿಸಿಕೊಂಡಿದ್ದ ಮುಖ ಅದು. ಉಯ್‌ಸಾಸಿಯ ಸ್ನೇಹಿತರು ಓಡಾಡಿ ಹೇಗೋ ಬಿಡಿಸಿ ತಂದರು. ಹೊರಗೆ ಬಂದಾಗ ಚಿತ್ರಗಳಿಗೂ ಹಾಡುಗಳಿಗೂ ಬಾಗಿಲು ಮುಚ್ಚಿತ್ತು.

ಡ್ಯಾನ್ಯೂಬ್ ದಂಡೆಯಲ್ಲಿ

ಒಂದು ಸಲ ಆ ಜಾಗಕ್ಕೆ ಹೋಗಿಬಂದವರು ಬಾಯಿಮುಚ್ಚಿ ಮನೆಯಲ್ಲಿ ಕೂರುತ್ತಾರೆ. ನಾನಾದರೂ ಹಾಗೇ ಮಾಡುತ್ತಿದ್ದೆ. ಕರಾಡಿ ಮಾಡಿದ್ದು ಬೇರೆ.

ಆ ಬೇಸಿಗೆಯಲ್ಲಿ ಹಂಗೇರಿಯ ಹಳ್ಳಿ-ಪಟ್ಟಣಗಳಿಂದ ನಾಲ್ಕು ಲಕ್ಷಕ್ಕೂ ಮೀರಿದ ಯಹೂದಿಗಳನ್ನು ರೈಲಿಗೆ ತುಂಬಿ ಸಾಗಿಸಿದ್ದರು, ಹೆಚ್ಚಿನವರನ್ನು ಆಶ್‌ವಿಟ್ಸ್ ಎಂಬ ಸಾವಿನ ಶಿಬಿರಕ್ಕೆ. ಅಕ್ಟೋಬರಿನಲ್ಲಿ ಹೋರ್ತಿಯನ್ನೂ ಇಳಿಸಿ ಜರ್ಮನರು ಅಧಿಕಾರ ಕೊಟ್ಟದ್ದು 'ಬಾಣ ಶಿಲುಬೆ' ಪಕ್ಷಕ್ಕೆ, ಅಂದರೆ ಹಂಗೇರಿಯ ನಾಜಿಗಳಿಗೆ. ತೋಳಿಗೆ ಪಟ್ಟಿ ಕಟ್ಟಿದ ಪುಂಡರ ಕೈಗೆ ಬಂದೂಕು ಬಂತು. ಬುಡಾಪೆಸ್ಟಿನಲ್ಲಿ ಉಳಿದಿದ್ದ ಯಹೂದಿಗಳನ್ನು ಮನೆಯಿಂದ ಎಳೆತಂದು, ಡ್ಯಾನ್ಯೂಬ್ ನದಿಯ ದಂಡೆಯಲ್ಲಿ ಸಾಲಾಗಿ ನಿಲ್ಲಿಸಿ, ಬೂಟು ಬಿಚ್ಚಿಸಿ, ಗುಂಡು ಹೊಡೆದು ನೀರಿಗೆ ಬೀಳಿಸುತ್ತಿದ್ದರು. ಬೂಟು ಯಾಕೆ ಬಿಚ್ಚಿಸುತ್ತಿದ್ದರು ಗೊತ್ತಾ? ಯುದ್ಧಕಾಲದಲ್ಲಿ ಬೂಟಿಗೆ ಬೆಲೆಯಿತ್ತು! 2005ರಿಂದ ಆ ದಂಡೆಯ ಮೇಲೆ 60 ಜೊತೆ ಕಬ್ಬಿಣದ ಬೂಟುಗಳ ಸ್ಮಾರಕವಿದೆ.

ಆ ದಂಡೆಯಿಂದ ಕರಾಡಿ ಮಕ್ಕಳನ್ನು ಬಿಡಿಸಿಕೊಂಡು ಬಂದಳು. ಬೇಡಿಕೊಂಡಲ್ಲ, ಬೆಲೆ ಕೊಟ್ಟು! ಸಿನಿಮಾದಲ್ಲಿ ದುಡಿದು ಮಾಡಿಸಿಕೊಂಡ ಚಿನ್ನದ ಒಡವೆಗಳನ್ನು ಬಂದೂಕು ಹಿಡಿದವರ ಕೈಗೆ ಹಾಕಿ, ಮಕ್ಕಳನ್ನು ತನ್ನ ಮನೆಗೆ ಕರೆದೊಯ್ದಳು. ಯುದ್ಧ ಮುಗಿಯುವವರೆಗೆ ಅವರನ್ನು ಅಲ್ಲೇ ಇಟ್ಟುಕೊಂಡು ನೋಡಿಕೊಂಡಳು. ಕೆಲವು ಯಹೂದಿ ಕುಟುಂಬಗಳಿಗೂ ಆಕೆಯ ಆಸರೆ ಸಿಕ್ಕಿತು. ಯಾರಾದರೂ ಹೋಗಿ ಒಂದು ಮಾತು ಹೇಳಿದ್ದರೆ ಮುಂದಿನ ಸಾಲಿನಲ್ಲಿ ಆಕೆಯೇ ನಿಲ್ಲಬೇಕಿತ್ತು, ಬೂಟು ಬಿಚ್ಚಿ. ಹೊರಗೆ ರಷ್ಯನ್ ಸೈನ್ಯದ ಮುತ್ತಿಗೆ, ತಲೆಯ ಮೇಲೆ ಬಾಂಬು, ತಿನ್ನಲು ಏನೂ ಇಲ್ಲ, ಕೊರೆಯುವ ಚಳಿ. ಪರದೆಯ ಮೇಲೆ ಗಂಡಸರ ಮನೆ ಮುರಿಯುವವಳು ಎಂದು ಹೆಸರಾದ ಹೆಣ್ಣು ಇವಳೇ ನೋಡಿ.

ಎರಡನೇ ಸಲ ಬಾಗಿಲು ಮುಚ್ಚಿತು

1945ರಲ್ಲಿ ಯುದ್ಧ ಮುಗಿಯಿತು. ಇನ್ನಾದರೂ ಸುಖವೇ? ಎಲ್ಲಿಯ ಸುಖ! ಉಯ್‌ಸಾಸಿಯನ್ನು ಸೋವಿಯತ್ ಸೈನ್ಯ ಹಿಡಿದೊಯ್ದಿತು. 1948ರಲ್ಲಿ ಹಂಗೇರಿಯ ರಹಸ್ಯ ಪೊಲೀಸರ ಕೈಗೆ ಬಂದವನು ಅಲ್ಲಿಂದ ಮುಂದೆ ಕಾಣೆ. ಕರಾಡಿಗೆ ಅವನು ಮತ್ತೆ ಸಿಗಲಿಲ್ಲ. ಆಕೆ ಹಾಸಿಗೆ ಹಿಡಿದಳು.

ಎದ್ದು ಬಂದಾಗ ಕಾಲವೇ ಬದಲಾಗಿತ್ತು. 1948ರಲ್ಲಿ ಚಿತ್ರೋದ್ಯಮ ಸರ್ಕಾರದ ಪಾಲಾಯಿತು. ಹೊಸ ಕಮ್ಯುನಿಸ್ಟ್ ಸರ್ಕಾರಕ್ಕೆ ಬೇಕಾದದ್ದು ಟ್ರಾಕ್ಟರ್ ಓಡಿಸುವ, ಕಾರ್ಖಾನೆಯಲ್ಲಿ ನಗುತ್ತಾ ದುಡಿಯುವ ನಾಯಕಿಯರು. ರೇಷ್ಮೆ ಗೌನು, ಸಿಗರೇಟಿನ ಹೊಗೆ, ಬಾವಿಯ ದನಿ ಇವೆಲ್ಲ ಹಳೆಯ ಶ್ರೀಮಂತರ ಕಾಲದ ಕೊಳಕು! 1948ರ 'ಫೊರ್ರೋ ಮೆಜೋಕ್' ಆಕೆಯ ಕೊನೆಯ ಚಿತ್ರವಾಯಿತು. ಬೂಟು ಹೊಲಿಯುವವನ ಮಗಳನ್ನು ಶ್ರೀಮಂತರ ಗೊಂಬೆ ಎಂದು ದೂಡಿದ್ದು ಕಾರ್ಮಿಕರ ಸರ್ಕಾರ. ನಾಜಿಗಳು ಮುಚ್ಚಿದ ಬಾಗಿಲನ್ನು ನಾಜಿಗಳನ್ನು ಸೋಲಿಸಿದವರೂ ಮುಚ್ಚಿದರು.

1951ರಲ್ಲಿ ಒಬ್ಬ ಗೆಳತಿಯ ಜೊತೆ ಕದ್ದು ಗಡಿ ದಾಟಿ ಆಸ್ಟ್ರಿಯಾ ಸೇರಿದಳು. ವಯಸ್ಸು ಆಗ 40. ಅಲ್ಲಿಂದ ಸ್ವಿಟ್ಜರ್‌ಲೆಂಡ್, ಬೆಲ್ಜಿಯಂ. 1953ರಲ್ಲಿ ಸಾಗರ ದಾಟಿ ಬ್ರೆಜಿಲ್ ದೇಶದ ಸಾವೊ ಪಾಲೊ ನಗರ. ಅಲ್ಲಿ ಅಂಗಡಿ ತೆರೆದಳು. 1968ರಲ್ಲಿ ನ್ಯೂಯಾರ್ಕ್, ಟೋಪಿಯ ವ್ಯಾಪಾರ. ಟೋಪಿ ಕೊಳ್ಳಲು ಬಂದ ಅಮೆರಿಕದ ಹೆಂಗಸರಿಗೆ ಅಳತೆ ಹಿಡಿಯುವ ಈ ಮುದುಕಿ ಯಾರೆಂದು ಹೇಗೆ ಗೊತ್ತಾಗಬೇಕು?

ಜೋಡಿ ನಾಯಕ ಪಾಲ್ ಯಾವೋರ್ ಕಥೆಯನ್ನೂ ಹೇಳಬೇಕು. ಅವನನ್ನೂ 1944ರಲ್ಲಿ 'ಬಾಣ ಶಿಲುಬೆ'ಯವರು ಜೈಲಿಗೆ ಹಾಕಿದ್ದರು. ಯುದ್ಧದ ನಂತರ ಅಮೆರಿಕಕ್ಕೆ ಹೋದ. ಹಾಲಿವುಡ್ ಏನು ಕೊಟ್ಟಿತು? 1951ರ 'ದಿ ಗ್ರೇಟ್ ಕರೂಸೊ'ದಂಥ ಚಿತ್ರದಲ್ಲಿ ಸಣ್ಣದೊಂದು ಪಾತ್ರ. ಊರಿನ ಹಂಬಲ ತಡೆಯಲಾರದೆ 1957ರಲ್ಲಿ ವಾಪಸು ಬಂದ, 1959ರಲ್ಲಿ ತೀರಿಕೊಂಡ. ಅವನು ಬಂದ, ಇವಳು ಬರಲಿಲ್ಲ. ಯಾರದು ಸರಿ ಎಂದು ನನ್ನನ್ನು ಕೇಳಬೇಡಿ. ಇಬ್ಬರ ಮೇಲೂ ನನಗೆ ಗೌರವವೇ.

ತಮಾಷೆ ಏನಪ್ಪಾ ಅಂದ್ರೆ, ಸರ್ಕಾರ ಮರೆಸಿದರೂ ಜನ ಮರೆಯಲಿಲ್ಲ. ಆಕೆಯ ಚಿತ್ರ ಬಂದಾಗ ಹುಟ್ಟಿಯೇ ಇರದ ಹುಡುಗ-ಹುಡುಗಿಯರು ಆ ಹಳೆಯ ಹಾಡುಗಳನ್ನು ಗುನುಗತೊಡಗಿದರು. ಆಗಲೇ ಆ 1980ರ ಆಹ್ವಾನ ಹೋದದ್ದು, ಟೋಪಿ ಬಂದದ್ದು. ನಾನು ಯೋಚಿಸಿ ನೋಡಿದ್ದೇನೆ, ಅದು ಕೋಪವೋ ಪ್ರೀತಿಯೋ ಅಂತ. ಬರೀ ಕೋಪವಿದ್ದರೆ ಏನನ್ನೂ ಕಳಿಸುತ್ತಿರಲಿಲ್ಲ. ಬರೀ ಪ್ರೀತಿಯಿದ್ದರೆ ತಾನೇ ಬರುತ್ತಿದ್ದಳು.

1989ರಲ್ಲಿ ಹಂಗೇರಿಯಲ್ಲಿ ಹಳೆಯ ಆಡಳಿತ ಕುಸಿಯಿತು. 1990ರ ಮಾರ್ಚ್‌ನಲ್ಲಿ ಹಲವು ಪಕ್ಷಗಳ ಚುನಾವಣೆ. ಅದಕ್ಕೆ ಇನ್ನು ಆರೇಳು ವಾರವಿದೆ ಎನ್ನುವಾಗ, ಫೆಬ್ರವರಿ 8ರಂದು, ಕರಾಡಿ ನ್ಯೂಯಾರ್ಕಿನಲ್ಲಿ ಕಣ್ಣುಮುಚ್ಚಿದಳು. ಸುಮಾರು 39 ವರ್ಷಗಳ ಮೇಲೆ ಪೆಟ್ಟಿಗೆಯಲ್ಲಿ ಮಲಗಿ ಊರಿಗೆ ಬಂದಳು. ಬುಡಾಪೆಸ್ಟಿನ ಅತಿದೊಡ್ಡ ಇಗರ್ಜಿಯಾದ ಸಂತ ಸ್ಟೀಫನ್ ಬಸಿಲಿಕಾದಲ್ಲಿ ಪ್ರಾರ್ಥನೆಯಾಯಿತು. ಫರ್ಕಶ್‌ರೇತ್ ಸ್ಮಶಾನದಲ್ಲಿ ಮಣ್ಣು ಮಾಡಿದರು.

2001ರಲ್ಲಿ ಪೇತರ್ ಬಾಚೋ ಎಂಬ ನಿರ್ದೇಶಕ ಆಕೆಯ ಬದುಕನ್ನು ಆಧರಿಸಿ ಚಿತ್ರ ತೆಗೆದ. ಹೆಸರು 'ಹಂವಾದೋ ಸಿಗರೆತ್ತವೇಗ್'. ಆರುತ್ತಿರುವ ಸಿಗರೇಟಿನ ತುದಿ ಎಂದರ್ಥ, ಆಕೆಯದೇ ಒಂದು ಹಾಡಿನ ಹೆಸರು. 2004ರಲ್ಲಿ ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ, ಜೀವದ ಹಂಗು ತೊರೆದು ಯಹೂದಿಗಳನ್ನು ಉಳಿಸಿದವರ ಪಟ್ಟಿಗೆ ಆಕೆಯ ಹೆಸರು ಸೇರಿಸಿತು. ಸತ್ತು 14 ವರ್ಷವಾಗಿತ್ತು.

ಇವತ್ತು ಜೇಬಿನ ಫೋನಿನಲ್ಲೇ ಆ ದನಿ ಸಿಗುತ್ತದೆ. ರಾತ್ರಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ಒಂದು ಸಲ ಕೇಳಿ. ಭಾಷೆ ತಿಳಿಯುವುದಿಲ್ಲ, ನನಗೂ ತಿಳಿಯಲಿಲ್ಲ. ಕೇಳಿದ್ದು ಮಾತ್ರ ಮೂರು ಸಲ!