ಸ್ನಾರ್ಕೆಲಿನ ತಲೆಗೆ ಯಾವ ಟೋಪಿ?

ರಜೆ ಬಂತೆಂದರೆ ಥಾರ್, ಗುರ್ಖಾ, ಜಿಮ್ನಿಗಳನ್ನೇರಿ ಲೋನಾವಳ, ಮಾಳ್ಶೇಜ್ ಘಾಟಿಯೆಂದು ಹೊರಟುಬಿಡುವ ಹುರುಪಿನವರು ಮುಂಬಯಿ ಕನ್ನಡಿಗರ ಮನೆಗಳಲ್ಲೂ ಈಗ ಕಡಿಮೆಯಿಲ್ಲ. ಅವರ ಗಾಡಿಗಳಲ್ಲಿ ಕೆಲವಕ್ಕೆ, ಆನೆ ಸೊಂಡಿಲೆತ್ತಿದಂತೆ, ಗಾಜಿನ ಪಕ್ಕದಿಂದ ಮಾಡಿನವರೆಗೆ ಕಪ್ಪು ಕೊಳವೆಯೊಂದು ಏರಿರುತ್ತದೆ. ಅದೇ ಸ್ನಾರ್ಕೆಲ್. ಮೂಲದಲ್ಲಿ ಇದು ಜರ್ಮನ್ ಜಲಾಂತರ್ಗಾಮಿಗಳ ಉಸಿರುಗೊಳವೆಯ ಹೆಸರು. ಆ ಭಾಷೆಯಲ್ಲಿ ಗೊರಕೆಯ ಶಬ್ದಕ್ಕೂ ಇದಕ್ಕೂ ನೆಂಟಸ್ತಿಕೆಯಿದೆ. ಗುರ್ಖಾಕ್ಕೆ ಕಂಪೆನಿಯೇ ಇದನ್ನು ಜೋಡಿಸಿ ಕೊಡುತ್ತದೆ, ಉಳಿದವರು ಹೊರಗೆ ಹಾಕಿಸಿಕೊಳ್ಳುತ್ತಾರೆ.

ಯಾತಕ್ಕೆಂದು ಕೇಳಿದರೆ "ನೀರಿಗೆ, ಆಂಟಿ" ಎಂಬ ಉತ್ತರ ಸಿದ್ಧ. ನೀರು ಎಂಜಿನಿನೊಳಗೆ ಹೋದರೆ ಪಿಸ್ಟನ್ ಅದನ್ನು ಗಾಳಿಯಂತೆ ಅದುಮಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಜೋಡಣೆಗಳೆಲ್ಲ ಬಿಗಿಯಾಗಿದ್ದರೆ ಸ್ನಾರ್ಕೆಲ್ ಇದನ್ನು ತಡೆಯುವುದು ನಿಜ. ಆದರೆ 2005ರ ಜುಲೈ 26ನ್ನು ನಿಮ್ಮ ತಂದೆತಾಯಿಯರನ್ನು ಕೇಳಿ ನೋಡಿ. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಆ ದಿನ ಕಾರಿನೊಳಗೇ ಸಿಕ್ಕಿಬಿದ್ದು ಸತ್ತವರಿದ್ದರು. ಈ ಕೊಳವೆ ಉಸಿರು ಕೊಡುವುದು ಎಂಜಿನಿಗೆ, ಒಳಗೆ ಕುಳಿತವರಿಗಲ್ಲ. ಹರಿಯುವ ನೀರು ಎರಡಡಿಯಿದ್ದರೆ ದೊಡ್ಡ ಗಾಡಿಯನ್ನೂ ಎಳೆದೊಯ್ದೀತು. ನೀರಿನ ಧೈರ್ಯಕ್ಕೆಂದು ಸ್ನಾರ್ಕೆಲ್ ಕೊಳ್ಳುವುದಾದರೆ ಕೊಳ್ಳದಿರುವುದೇ ಲೇಸು.

ಅದರ ದಿನನಿತ್ಯದ ಉಪಯೋಗ ಧೂಳಿನಲ್ಲಿದೆ. ಚಕ್ರದ ಮಟ್ಟದ ಗಾಳಿಗಿಂತ ಮಾಡಿನೆತ್ತರದ ಗಾಳಿ ಶುದ್ಧ. ಮುಂಬಯಿ-ಗೋವಾ ಹೆದ್ದಾರಿಯಲ್ಲಿ ವರ್ಷಗಟ್ಟಲೆ ನಡೆದ ಅಗಲೀಕರಣದ ಧೂಳನ್ನೂ ಊರಿನ ಮುರಕಲ್ಲು ಕೋರೆಗಳ ಕೆಂಪು ಹುಡಿಯನ್ನೂ ಕುಡಿದವರಿಗೆ ಬೇರೆ ಹೇಳಬೇಕಾಗಿಲ್ಲ. ಫಿಲ್ಟರ್ ತಪ್ಪಿಸಿಕೊಂಡ ಸಣ್ಣ ಮರಳು ಪಿಸ್ಟನ್ ರಿಂಗುಗಳನ್ನು ಉಪ್ಪುಕಾಗದದಂತೆ ತಿಕ್ಕುತ್ತದೆ.

ಇಲ್ಲಿಗೆ ಬರುವುದು ಪ್ರೀಕ್ಲೀನರ್. ಹಳ್ಳಿಯ ಟ್ರ್ಯಾಕ್ಟರಿನ ಮೂತಿಯ ಮೇಲೆ ಅಣಬೆಯಂಥ ಪಾರದರ್ಶಕ ಬಟ್ಟಲನ್ನು ನೀವು ನೋಡಿರಬಹುದು, ಅದೇ ಇದು. ಒಳಬರುವ ಗಾಳಿಯನ್ನು ಓರೆ ರೆಕ್ಕೆಗಳು ಸುತ್ತಿಸುತ್ತವೆ, ಭಾರದ ಕಣಗಳು ಮಜ್ಜಿಗೆ ಕಡೆಯುವಾಗ ಹನಿ ಸಿಡಿದಂತೆ ಅಂಚಿಗೆ ಸಿಡಿದು ಬಟ್ಟಲಿನಲ್ಲಿ ಉಳಿಯುತ್ತವೆ. ನಯವಾದ ಧೂಳು ಮಾತ್ರ ಮುಂದೆ ಹೋಗುತ್ತದೆ, ಆದ್ದರಿಂದ ಒಳಗಿನ ಫಿಲ್ಟರಿಗೆ ಇದು ಬದಲಿಯಲ್ಲ. ಅದರ ಆಯುಷ್ಯ ಹೆಚ್ಚಿಸುತ್ತದೆ, ಅಷ್ಟೆ.

ಆಯ್ಕೆಯಲ್ಲಿ ಮೊದಲು ಎಂಜಿನಿನ ಉಸಿರಿನ ಲೆಕ್ಕ ಹಾಕಿ. ನಾಲ್ಕು ಹೊಡೆತದ ಎಂಜಿನು ಎರಡು ಸುತ್ತಿಗೊಮ್ಮೆ ಗಾಳಿ ಎಳೆಯುತ್ತದೆ. 2.2 ಲೀಟರಿನ ಡೀಸೆಲ್ ಥಾರ್ 3750 ಸುತ್ತು ತಿರುಗಿದರೆ ನಿಮಿಷಕ್ಕೆ 4125 ಲೀಟರ್; ಟರ್ಬೊ ತುಂಬ ಒತ್ತುತ್ತಿದ್ದರೆ ಹೆಚ್ಚುಕಡಿಮೆ ಇಮ್ಮಡಿ, ಅಂದರೆ ಸುಮಾರು 290 ಘನ ಅಡಿ. ಕೊಳ್ಳುವ ಪ್ರೀಕ್ಲೀನರಿನ ಗಾಳಿಯ ವ್ಯಾಪ್ತಿ ಇದನ್ನು ಒಳಗೊಂಡಿರಬೇಕು. ಚಿಕ್ಕದಾದರೆ ಎಂಜಿನು ಏದುಸಿರು ಬಿಡುತ್ತದೆ. ತೀರ ದೊಡ್ಡದಾದರೆ ಗಾಳಿ ರಭಸವಾಗಿ ಸುತ್ತುವುದೇ ಇಲ್ಲ, ಧೂಳು ಬೇರ್ಪಡುವುದೂ ಇಲ್ಲ. ನೋಟಕ್ಕೆ ಮರುಳಾಗಿ ಲಾರಿಯ ಟೋಪಿಯನ್ನು ಜಿಮ್ನಿಗೆ ಹಾಕುವವರು ಈ ಮಾತನ್ನು ಗಮನಿಸಬೇಕು!

ಇನ್ನು ನಮ್ಮ ಮಳೆಗಾಲ. ಬಟ್ಟಲಿನ ಮಾದರಿಯಲ್ಲಿ ಧೂಳಿನಂತೆ ನೀರೂ ನಿಲ್ಲುತ್ತದೆ, ಗೆರೆ ಮುಟ್ಟುವ ಮೊದಲೇ ಚೆಲ್ಲಬೇಕು. ತಾನಾಗಿ ತಿರುಗಿ ಸಂದಿಯಿಂದ ಕಸ, ನೀರು ಎರಡನ್ನೂ ಹೊರಗೆಸೆಯುವ ಮಾದರಿಗೆ ಈ ಕಾಟ ಕಡಿಮೆ, ಬೆಲೆ ಹೆಚ್ಚು. ಮುಂದಕ್ಕೆ ಬಾಯಿ ತೆರೆದಿರುವ ಸಾಮಾನ್ಯ ತಲೆಗೆ ಹಿಂಭಾಗದಲ್ಲಿ ನೀರಿಳಿಯುವ ಸೀಳುಗಳಿರುತ್ತವೆ. ಧೂಳು ಮಾತ್ರ ನೇರ ಒಳಗೆ. ಅನೇಕ ಸ್ನಾರ್ಕೆಲುಗಳಲ್ಲಿ ಒಂದು ಕ್ಲಾಂಪ್ ಸಡಿಲಿಸಿದರೆ ತಲೆ ಬದಲಾಗುತ್ತದೆ. ನನ್ನ ಮಟ್ಟಿಗೆ, ಜೂನ್ ತಿಂಗಳಿಂದ ಸಾಮಾನ್ಯ ತಲೆ, ಬೇಸಗೆಯಲ್ಲಿ ಊರಿಗೆ ಹೊರಟಾಗ ಬಟ್ಟಲು: ಇದು ಎಲ್ಲಕ್ಕಿಂತ ಅಗ್ಗದ ಉಪಾಯ. ಅಂಧೇರಿಯಿಂದ ಠಾಣೆಗಷ್ಟೇ ಓಡುವ ಗಾಡಿಗೆ ಸಮಯಕ್ಕೆ ಸರಿಯಾಗಿ ಬದಲಾಯಿಸಿದ ಫಿಲ್ಟರೇ ಸಾಕು.

ಕುರ್ಲಾದ ಸಿ.ಎಸ್.ಟಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಿಗೆ ಹೋಗುವ ಮೊದಲು ಕೊಳವೆಯ ಕುತ್ತಿಗೆಯ ಹೊರವ್ಯಾಸವನ್ನು ಅಳೆದು ಬರೆದಿಟ್ಟುಕೊಳ್ಳಿ. ಮೋಟಾರು ವಾಹನ ಕಾಯಿದೆಯ 52ನೇ ವಿಭಾಗ ಕಂಪೆನಿಯ ಮೂಲ ವಿವರಕ್ಕೆ ವ್ಯತ್ಯಾಸವಾಗುವ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ. ಹೊರಗಿನ ಸ್ನಾರ್ಕೆಲಿಗೆ ಮಡ್‌ಗಾರ್ಡ್ ಕೊರೆಯಿಸುವ ಮುನ್ನ ಆರ್.ಟಿ.ಒ., ವಾರಂಟಿ, ವಿಮೆ ಮೂರನ್ನೂ ವಿಚಾರಿಸಿ. ಹಾಗೆಯೇ ನಿಮ್ಮ ಸೊಸೈಟಿಯ ಬೇಸ್‌ಮೆಂಟ್ ಪಾರ್ಕಿಂಗಿನ ತೊಲೆ ಎಷ್ಟು ಎತ್ತರದಲ್ಲಿದೆಯೆಂದು ಟೇಪ್ ಹಿಡಿದು ನೋಡಿ. ಮಾಡಿನ ಮೇಲೆ ಬಟ್ಟಲು ಅರ್ಧ ಅಡಿಯಾದರೂ ಏರಬಹುದು.