ಕಾರವಾರದಿಂದ ಹೊನ್ನಾವರಕ್ಕೆ ಹಾಯಿ ಕಟ್ಟಿ

ಯಮಕನಮರಡಿಯ ಮಕ್ಕಳಿಗೆ ದೊಡ್ಡ ನೀರೆಂದರೆ ಹಿಡಕಲ್ ಜಲಾಶಯ. ಅದಕ್ಕೆ ನೀರು ತರುವ ಘಟಪ್ರಭೆ ಹುಟ್ಟುವುದು ಸಹ್ಯಾದ್ರಿಯಲ್ಲಿ. ಹೊಳೆ ಅರಬ್ಬಿ ಕಡಲಿಗೆ ಬೆನ್ನು ಮಾಡಿ ಮೂಡಣಕ್ಕೆ ಹರಿದು, ಗೋಕಾಕದಲ್ಲಿ ಧುಮುಕಿ, ಕೃಷ್ಣೆಯನ್ನು ಕೂಡುತ್ತದೆ. ಅದನ್ನು ತುಂಬಿಸುವ ಮುಂಗಾರು ಗಾಳಿ ಮಾತ್ರ ಅದೇ ಕಡಲಿನಿಂದ ಏರಿ ಬರುತ್ತದೆ. ಜೂನ್‌ನಲ್ಲಿ ಹುಕ್ಕೇರಿಯ ರೈತ ಕಾಯುವ ಆ ಗಾಳಿಗೆ ಹೆದರಿಯೇ ಕರಾವಳಿಯ ಹಾಯಿದೋಣಿಗಳು ದಡ ಹತ್ತುತ್ತಿದ್ದವು.

ರೈಲು ಬರುವ ಮೊದಲು ಬೆಳಗಾವಿ ಸೀಮೆಯ ಸರಕು ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ವೆಂಗುರ್ಲೆ ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಮುಂದೆ ಮಚವೆ, ಪತ್ತೆಮಾರಿ ಎಂಬ ಹಾಯಿದೋಣಿಗಳ ಕಾರಭಾರ. ಜನರಿಗೂ ಕಡಲೇ ಹೆದ್ದಾರಿಯಾಗಿತ್ತು. ಕಾರವಾರದಿಂದ ಹೊನ್ನಾವರಕ್ಕೆ ನೆಲದ ಮೇಲೆ ಹೊರಟರೆ ಗಂಗಾವಳಿ, ಅಘನಾಶಿನಿಗಳು ಅಡ್ಡ; ಸೇತುವೆ ಇಲ್ಲದ ಕಾಲದಲ್ಲಿ ಒಂದೊಂದು ಅಳಿವೆಯಲ್ಲೂ ದೋಣಿಗೆ ಕಾಯಬೇಕು. 1623ರಲ್ಲಿ ಇಕ್ಕೇರಿಗೆ ಹೊರಟ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಕೂಡ ಗೋವೆಯಿಂದ ಹೊನ್ನಾವರಕ್ಕೆ ಕಡಲ ಮೇಲೆಯೇ ಬಂದ.

ಕಾರವಾರ, ಹೊನ್ನಾವರಗಳ ನಡುವಿನ ಕಡಲದಾರಿ ಸುಮಾರು 70 ಕಿ.ಮೀ. ಒಂದು ಕುಟುಂಬ ಹಿಡಿಸುವ ಚಿಕ್ಕ ಹಾಯಿದೋಣಿ ಒಳ್ಳೆಯ ಗಾಳಿಯಲ್ಲಿ ಗಂಟೆಗೆ 7 ಕಿ.ಮೀ. ಸಾಗಿದರೆ ಸುಮಾರು ಹತ್ತು ತಾಸಿನ ಪಯಣ. ಮಳೆ ಕಳೆದ ಮೇಲೆ, ಚಳಿಗಾಲದಿಂದ ಬೇಸಿಗೆಯವರೆಗೆ, ಇಲ್ಲಿ ದಿನಕ್ಕೆರಡು ಗಾಳಿ. ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ಬೆಚ್ಚಗೇ ಉಳಿಯುತ್ತದೆ. ಹಾಗಾಗಿ ನಸುಕಿನಲ್ಲಿ ಗಾಳಿ ನೆಲದಿಂದ ಕಡಲಿಗೆ. ಬಿಸಿಲೇರಿದಂತೆ ನೆಲ ಕಾದು ಗಾಳಿ ತಿರುಗುತ್ತದೆ, ಮಧ್ಯಾಹ್ನ ವಾಯವ್ಯದಿಂದ ಜೋರಾಗಿ ಬೀಸುತ್ತದೆ. ತೆಂಕಣಕ್ಕೆ ಹೋಗುವವರು ನಸುಕಿನ ನೆಲಗಾಳಿಯಲ್ಲಿ ಹೊರಬಿದ್ದು, ಮಧ್ಯಾಹ್ನದ ಗಾಳಿಯನ್ನು ಬೆನ್ನಿಗೆ ತೆಗೆದುಕೊಳ್ಳುತ್ತಾರೆ. ಬಡಗಣಕ್ಕೆ ಮರಳುವುದು ಕಷ್ಟ. ಯಾವ ಹಾಯಿಯೂ ಗಾಳಿಯ ಬಾಯಿಗೆ ನೇರ ನುಗ್ಗಲಾರದು. ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಾಯುತ್ತ ಏರಬೇಕು. ದಾರಿ ಉದ್ದವಾಗುತ್ತದೆ, ಮಕ್ಕಳು ಸುಸ್ತಾಗುತ್ತಾರೆ. ಅದಕ್ಕೇ ತಿಳಿದವರು ನಸುಕಿನ ಗಾಳಿ ಇರುವಷ್ಟು ಹೊತ್ತು ಸಾಗಿ, ತದಡಿಯಂಥ ಅಳಿವೆಯಲ್ಲಿ ಲಂಗರು ಹಾಕಿ, ಮರುದಿನ ಮುಂದುವರಿಯುತ್ತಾರೆ. ಕಾಯುವುದನ್ನು ಬಲ್ಲವನೇ ಒಳ್ಳೆಯ ನಾವಿಕ ಎಂಬುದು ನನ್ನ ಗಟ್ಟಿ ನಂಬಿಕೆ.

ನಿಜವಾದ ಅಪಾಯ ಇರುವುದು ದಡದ ಹತ್ತಿರ, ಅಳಿವೆಯ ಬಾಯಲ್ಲಿ. ಹೊಳೆ ತಂದ ಮರಳು ಅಲ್ಲಿ ದಿಬ್ಬ ಕಟ್ಟುತ್ತದೆ. ಇಳಿತದ ನೀರು ಹೊರಗೆ ನುಗ್ಗುವಾಗ ಕಡಲ ತೆರೆ ಅದಕ್ಕೆ ಎದುರಾಗಿ ಎದ್ದು ಒಡೆಯುತ್ತದೆ. ಶರಾವತಿಯ ಬಾಯಿ ಇದಕ್ಕೆ ಕುಖ್ಯಾತ. ಭರತ ಏರುವಾಗ, ಹಗಲಿನಲ್ಲಿ, ಆ ಊರಿನ ಮೀನುಗಾರರನ್ನು ಕೇಳಿಯೇ ಒಳಗೆ ಬರಬೇಕು.

ಹಾಯಿ ಇರಲಿ, ಯಂತ್ರವಿರಲಿ, ಕಡಲಿನ ಕಟ್ಟಳೆ ಒಂದೇ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿತು. ಪ್ರಾಣ ಕಳೆದುಕೊಂಡವರಲ್ಲಿ ನಮ್ಮಂತೆಯೇ ಬಯಲುಸೀಮೆಯಿಂದ ಕಡಲು ನೋಡಲು ಬಂದ ಕುಟುಂಬದವರಿದ್ದರು; ಮಕ್ಕಳೂ ಇದ್ದರು. ಹಿಡಕಲ್‌ನಲ್ಲಿ ಈಜು ಕಲಿತವರಿಗೂ ಕಡಲ ತೆರೆ ಹೊಸದು. ಕಾರವಾರಕ್ಕೆ ಹೋದಾಗ ದೋಣಿ ಹತ್ತುವ ಮೊದಲೇ ಎಲ್ಲರಿಗೂ ಜೀವರಕ್ಷಕ ಜಾಕೆಟ್ ಕೇಳಿ, ಮಗುವಿಗೆ ಅದರ ಅಳತೆಯದನ್ನೇ ತೊಡಿಸಿ. ಜನ ಹೆಚ್ಚಾಗಿದ್ದರೆ ಇಳಿದುಬಿಡಿ. ಕಡಲಲ್ಲಿ ಆಪತ್ತು ಬಂದರೆ ಕರಾವಳಿ ರಕ್ಷಣಾ ಪಡೆಯ ಉಚಿತ ಕರೆ ಸಂಖ್ಯೆ 1554.