ಡಿಜೆ ಬೀಟಿನಡಿ ಚೌಡಿಕಿ ಕೇಳಬೇಕಂದ್ರ...

ಬೈಲಹೊಂಗಲದ ಪೇಟೆಯಲ್ಲಿ ನಿಂತು ‘ಒಂದು ಒಳ್ಳೇ ಕಂಪ್ರೆಸರ್ ಹುಡುಕಾಕತ್ತೀನಿ’ ಅಂದು ನೋಡಿ. ‘ಯಾಕೋ ತಮ್ಮಾ, ಪಂಚರ್ ಅಂಗಡಿ ಇಡಾಂವೇನು?’ ಎಂಬ ಪ್ರಶ್ನೆ ಗ್ಯಾರಂಟಿ. ಟೈರಿಗೆ ಗಾಳಿ ತುಂಬುವ ಆ ಯಂತ್ರಕ್ಕೂ ನಾನು ಹುಡುಕುತ್ತಿದ್ದ ಕಂಪ್ರೆಸರಿಗೂ ಹೆಸರಷ್ಟೇ ನಂಟು. ಅದು ಗಾಳಿಯನ್ನು ಒತ್ತುತ್ತದೆ, ಇದು ಸದ್ದನ್ನು ಒತ್ತುತ್ತದೆ. ಕೊನೆಗೆ ಎರಡೂ ಹೋಗಿ ಸೇರುವುದು ಟ್ರ್ಯಾಕ್ಟರಿಗೇ ಎಂಬುದು ಬೇರೆ ಮಾತು.

ಕಬ್ಬಿನ ಹಂಗಾಮಿನಲ್ಲಿ ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆ ಕಡೆ ಹೊರಟ ಟ್ರ್ಯಾಕ್ಟರುಗಳನ್ನು ಕಂಡವರಿಗೆ ನಾನು ಯಾವ ಸಂಗೀತದ ಬಗ್ಗೆ ಹೇಳುತ್ತಿದ್ದೇನೆಂದು ತಿಳಿದಿರುತ್ತದೆ. ಕಬ್ಬಿಗಿಂತ ಮೊದಲು ಹಾಡು ಬರುತ್ತದೆ. ಜನಪದ ಧಾಟಿಯ ಹಾಡಿಗೆ ಎಲೆಕ್ಟ್ರಾನಿಕ್ ಕಿಕ್, ಹಲಗಿಯ ಲೂಪ್, ನಡುವೆ ಒಂದು ಸಿಂಥ್. ಇದೇ ನಮ್ಮ ‘ಡಿಜೆ ಸಾಂಗ್’. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಜಾತ್ರೆ, ಗಣಪತಿ, ಮದುವೆ ಮೆರವಣಿಗೆ ಯಾವುದಕ್ಕೂ ಇದಿಲ್ಲದೆ ಆಗದು. ಇದನ್ನು ಮಾಡುವವರಿಗೆ ದೊಡ್ಡ ಸ್ಟುಡಿಯೊ ಇರುವುದಿಲ್ಲ. ಅಟ್ಟದ ಮೇಲಿನ ಖೋಲಿ, ಹಳೇ ಲ್ಯಾಪ್‌ಟಾಪ್, ಎಫ್‌ಎಲ್ ಸ್ಟುಡಿಯೊ, ಒಂದು ಹೆಡ್‌ಫೋನ್ ಇದ್ದರೆ ಕೆಲಸ ಶುರು.

ಹಾಡು ಮಿಕ್ಸ್ ಆದ ಮೇಲೆ ಕೊನೆಯ ಹಂತ ಮಾಸ್ಟರಿಂಗ್. ಇಲ್ಲೇ ನಮ್ಮಂಥ ಹುಡುಗರು ಸಿಕ್ಕಿಬೀಳುವುದು. ‘ಯಾವ ಕಂಪ್ರೆಸರ್ ಪ್ಲಗಿನ್ ಹಾಕಿದಿ?’ ಎಂಬುದು ‘ಯಾವ ಬೈಕ್ ತಗೊಂಡಿ?’ ಎಂಬಷ್ಟೇ ಪ್ರತಿಷ್ಠೆಯ ಪ್ರಶ್ನೆ.

ನನಗೆ ಅದು ಪ್ರತಿಷ್ಠೆ ಬಿಟ್ಟು ನಿಜವಾದ ಪ್ರಶ್ನೆ ಆಗಿದ್ದು ಒಬ್ಬ ಜೋಗತಿ ಆಯಿಯಿಂದ. ಸವದತ್ತಿ ಕಡೆಯವರು. ಎಲ್ಲಮ್ಮನ ಪದ ಹಾಡುತ್ತ ಚೌಡಿಕೆ ಬಾರಿಸುವವರು. ಗೆಳೆಯನೊಬ್ಬ ಅವರ ಒಂದು ಪದವನ್ನು ರೆಕಾರ್ಡ್ ಮಾಡಿ, ಅವರ ಒಪ್ಪಿಗೆಯಿಂದಲೇ ಬೀಟ್ ಸೇರಿಸಿ, ಭಾರತ ಹುಣ್ಣಿಮೆಯ ಜಾತ್ರೆಗೆ ಬಿಡಬೇಕೆಂದು ದೂರದ ಪೇಟೆಯ ಸ್ಟುಡಿಯೊವೊಂದರಲ್ಲಿ ರೊಕ್ಕ ಕೊಟ್ಟು ಮಾಸ್ಟರ್ ಮಾಡಿಸಿದ್ದ. ಸದ್ದು ಭರ್ಜರಿ ಇತ್ತು. ಆಯಿ ಫೋನಿನಲ್ಲಿ ಪೂರ್ತಿ ಕೇಳಿದರು. ಆಮೇಲೆ ಹೇಳಿದ್ದು ಇಷ್ಟೇ: ‘ದನಿ ನಂದ ಐತಿ ಖರೆ. ಕೈ ಎಲ್ಲಿ ಹೋತೋ ತಮ್ಮಾ?’

ಚೌಡಿಕೆ ಬಲ್ಲವರಿಗೆ ಈ ಮಾತು ಅರ್ಥವಾಗುತ್ತದೆ. ಕಂಕುಳಲ್ಲಿ ಒತ್ತಿ ಹಿಡಿದ ಪೊಳ್ಳು ಪೆಟ್ಟಿಗೆ, ಚರ್ಮದಿಂದ ಎದ್ದ ಒಂದೇ ತಂತಿ. ತಂತಿಯನ್ನು ಬಿಗಿ ಮಾಡಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಒಂದು ಮೀಟು ಜೋರು, ಮುಂದಿನದು ಮೆಲ್ಲಗೆ, ಮತ್ತೊಂದು ಮಾತಿಗೆ ಉತ್ತರ ಕೊಟ್ಟ ಹಾಗೆ. ಆ ಏರಿಳಿತವೇ ಆಯಿಯ ಕೈ. ಮಾಸ್ಟರ್ ಆದ ಹಾಡಿನಲ್ಲಿ ಎಲ್ಲ ಮೀಟೂ ಒಂದೇ ಎತ್ತರಕ್ಕೆ ಬಂದಿತ್ತು. ಅದೂ ಸಾಲದೆ ಕಿಕ್ ಬಿದ್ದಾಗಲೆಲ್ಲ ಚೌಡಿಕೆ ಮುಳುಗಿ ಏಳುತ್ತಿತ್ತು. ಮಿಕ್ಸ್ ಫೈಲು ಗೆಳೆಯನ ಹತ್ತಿರ ಇತ್ತು. ಜಾತ್ರೆಗೆ ದಿನಗಳೂ ಇದ್ದವು. ನಾವೇ ಕೂತೆವು.

ಕಂಪ್ರೆಸರ್ ಏನು ಮಾಡುತ್ತದೆ? ವಾಲ್ಯೂಮ್ ಗುಂಡಿಯ ಮೇಲೆ ಒಬ್ಬ ಚುರುಕಿನ ಹುಡುಗನನ್ನು ಕೂರಿಸಿದ್ದೀರಿ ಅಂದುಕೊಳ್ಳಿ. ಸದ್ದು ಒಂದು ಗೆರೆ ದಾಟಿದರೆ ಅವನು ಗುಂಡಿ ಇಳಿಸಬೇಕು. ಆ ಗೆರೆಗೆ ಥ್ರೆಶೋಲ್ಡ್ ಅನ್ನುತ್ತಾರೆ. ಎಷ್ಟು ಇಳಿಸಬೇಕೆಂಬುದು ರೇಷಿಯೊ. ಗೆರೆಗಿಂತ 8 ಡೆಸಿಬಲ್ ಮೇಲೆ ಹೋದ ಸದ್ದು 4:1ರಲ್ಲಿ ಕೇವಲ 2 ಡೆಸಿಬಲ್ ಮೇಲೆ ನಿಲ್ಲುತ್ತದೆ, ಅಂದರೆ 6 ಡೆಸಿಬಲ್ ಕಡಿತ. ಅದೇ 2:1 ಇಟ್ಟರೆ ಕಡಿತ 4. ಹುಡುಗ ಎಷ್ಟು ಬೇಗ ಗುಂಡಿ ಇಳಿಸುತ್ತಾನೆ ಎಂಬುದು ಅಟ್ಯಾಕ್, ಎಷ್ಟು ಬೇಗ ಮತ್ತೆ ಮೇಲಕ್ಕೆ ಬಿಡುತ್ತಾನೆ ಎಂಬುದು ರಿಲೀಸ್. ಪ್ಲಗಿನ್ ಎಷ್ಟೇ ದುಬಾರಿ ಇರಲಿ, ಒಳಗಿನ ಕೆಲಸ ಇದೇ. ಬೇರೆಯಾಗುವುದು ಆ ಹುಡುಗನ ಸ್ವಭಾವ.

ಸ್ವಭಾವದ ಮೂಲ ಹಳೇ ಯಂತ್ರಗಳಲ್ಲಿದೆ. 1950ರ ದಶಕದ ಕೊನೆಯ ಫೇರ್‌ಚೈಲ್ಡ್ 670 ಎಂಬುದು 20 ವಾಲ್ವುಗಳ, ಸುಮಾರು 30 ಕೆ.ಜಿ. ತೂಕದ ಪೆಟ್ಟಿಗೆ. ಸದ್ದು ಹೆಚ್ಚಿದಷ್ಟೂ ಹಂತಹಂತವಾಗಿ ಮೆತ್ತಗೆ ಒತ್ತುವ ಗುಣ ಅದರದ್ದು. 1960ರ ದಶಕದ ಎಲ್‌ಎ-2ಎ ಬೆಳಕಿನಿಂದ ಕೆಲಸ ಮಾಡುತ್ತದೆ: ಸದ್ದು ಹೆಚ್ಚಾದರೆ ಒಳಗಿನ ಬೆಳಕು ಹೆಚ್ಚುತ್ತದೆ, ಅದು ಸದ್ದನ್ನು ಇಳಿಸುತ್ತದೆ. ನಿಧಾನಿ, ಸಂಭಾವಿತ. ದನಿಗೆ ಚೆಂದ. 1967ರಲ್ಲಿ ಬಿಲ್ ಪುಟ್ನಂ ತಂದ 1176 ಸಿಡುಕ. ಡ್ರಮ್ಮಿನ ಪೆಟ್ಟನ್ನೂ ಹಿಡಿಯುವಷ್ಟು ವೇಗಿ. ಬ್ರಿಟನ್ನಿನ ಎಸ್‌ಎಸ್‌ಎಲ್ ಕನ್ಸೋಲಿನ ಬಸ್ ಕಂಪ್ರೆಸರ್ ಇಡೀ ಮಿಕ್ಸನ್ನು ಒಂದೇ ಕಟ್ಟಿಗೆ ಕಟ್ಟುವುದರಲ್ಲಿ ಹೆಸರುವಾಸಿ. ಇಂದು ಸಿಗುವ ಅನೇಕ ಪ್ಲಗಿನ್ನುಗಳು ಈ ನಾಲ್ಕು ಮನೆತನದ ಮಕ್ಕಳೋ ಮೊಮ್ಮಕ್ಕಳೋ ಆಗಿವೆ. ಇನ್ನು ಕೆಲವು ಯಾವ ಯಂತ್ರವನ್ನೂ ನಕಲು ಮಾಡದ, ಬಣ್ಣ ಹಚ್ಚದ ‘ಕ್ಲೀನ್’ ಜಾತಿಯವು. ಫ್ಯಾಬ್‌ಫಿಲ್ಟರ್ ಪ್ರೊ-ಸಿ ಅದಕ್ಕೆ ದುಬಾರಿ ಉದಾಹರಣೆ, ಟೋಕಿಯೊ ಡಾನ್ ಲ್ಯಾಬ್ಸ್‌ನ ಕೊಟೆಲ್ನಿಕೊವ್ ಉಚಿತ ಉದಾಹರಣೆ.

ನಾವು ಕೊಟೆಲ್ನಿಕೊವ್ ಆರಿಸಿಕೊಂಡೆವು. ಪುಕ್ಕಟೆ ಎಂಬುದು ಮೊದಲ ಕಾರಣ, ನಾಚಿಕೆಯೇನಿಲ್ಲ. ಕ್ರ್ಯಾಕ್ ಮಾಡಿದ ದುಬಾರಿ ಪ್ಲಗಿನ್ನುಗಳು ಪೆನ್‌ಡ್ರೈವಿನಲ್ಲಿ ಊರೂರು ತಿರುಗುತ್ತವೆ. ಜೊತೆಗೆ ವೈರಸ್ಸೂ ತಿರುಗುತ್ತದೆ. ಆರು ತಿಂಗಳ ಹಾಡುಗಳಿರುವ ಲ್ಯಾಪ್‌ಟಾಪನ್ನು ಅದಕ್ಕೆ ಒಡ್ಡುವುದು ಯಾವ ಜಾಣತನ?

ಎರಡನೇ ಕಾರಣ ನಿಜವಾದದ್ದು. ಚೌಡಿಕೆ ಮುಳುಗುತ್ತಿದ್ದುದೇಕೆ? ಎಲೆಕ್ಟ್ರಾನಿಕ್ ಹಾಡಿನಲ್ಲಿ ಅತಿ ಹೆಚ್ಚು ಬಲ ಇರುವುದು ಕಿಕ್ಕಿನ ತಳದಲ್ಲಿ. ಗುಂಡಿಯ ಮೇಲಿನ ಹುಡುಗನಿಗೆ ಅದೊಂದೇ ಕೇಳುತ್ತದೆ. ಕಿಕ್ ಬಿದ್ದ ಕೂಡಲೇ ಅವನು ಇಡೀ ಹಾಡನ್ನೇ ಇಳಿಸುತ್ತಾನೆ. ತಪ್ಪು ಮಾಡಿದ್ದು ಕಿಕ್, ಪೆಟ್ಟು ತಿಂದದ್ದು ಚೌಡಿಕೆ. ಹಾಗಾಗಿ ಮಾಸ್ಟರಿಂಗಿಗೆ ಆರಿಸುವ ಕಂಪ್ರೆಸರಿನಲ್ಲಿ ಸೈಡ್‌ಚೈನ್ ಫಿಲ್ಟರ್ ಇದೆಯೇ ಎಂದು ಮೊದಲು ನೋಡಬೇಕು. ಅದು ತಳದ ಸದ್ದನ್ನು ಹಾಡಿನಿಂದ ತೆಗೆಯುವುದಿಲ್ಲ, ಹುಡುಗನ ಕಿವಿಗೆ ಮಾತ್ರ ಕಡಿಮೆ ಮಾಡಿ ಕೇಳಿಸುತ್ತದೆ. 120 ಹರ್ಟ್ಸ್ ಆಸುಪಾಸು ಇಟ್ಟಾಗ ಚೌಡಿಕೆ ನೀರಿನಿಂದ ತಲೆ ಎತ್ತಿತು.

ಮುಳುಗಿ ಏಳುವುದೇ ಬೇಕೆನ್ನುವ ಸಂಗೀತವೂ ಇದೆ, ಅದನ್ನೂ ಹೇಳಬೇಕು. ಫ್ರಾನ್ಸಿನ ಡಾಫ್ಟ್ ಪಂಕ್ ಜೋಡಿ ಅಲೆಸಿಸ್ 3630 ಎಂಬ ಅಗ್ಗದ ಪೆಟ್ಟಿಗೆಯಲ್ಲಿ ಹಾಡನ್ನು ಬೇಕೆಂದೇ ಉಸಿರಾಡಿಸಿತು. ಜಗತ್ತು ಅದಕ್ಕೆ ಕುಣಿಯಿತು. ಬರೀ ಸಿಂಥ್ ಇದ್ದ ಹಾಡಿಗೆ ನಾನೂ ಹಾಗೇ ಮಾಡುತ್ತೇನೆ. ಆಯಿಯ ಪದಕ್ಕೆ ಮಾಡಲಾರೆ.

ಅಟ್ಯಾಕಿಗೆ ಬಂದರೆ, 1 ಮಿಲಿಸೆಕೆಂಡಿಗಿಂತ ಕಡಿಮೆ ಇಟ್ಟಾಗ ಮೀಟಿನ ‘ಟಣ್’ ಎಂಬ ಮೊನೆ ಮುರಿದು ಬರೀ ‘ಣ್’ ಉಳಿಯಿತು. 30 ಮಿಲಿಸೆಕೆಂಡಿಗೆ ಒಯ್ದಾಗ ಮೊನೆ ಪಾರಾಗಿ, ಹಿಂದಿನ ಅನುರಣನ ಮಾತ್ರ ಒತ್ತಿಸಿಕೊಂಡಿತು. ರಿಲೀಸಿಗೆ ಹಾಡಿನ ನಡೆ ಲೆಕ್ಕ ಹಾಕಬೇಕು. ನಿಮಿಷಕ್ಕೆ 100 ಬೀಟ್ ಇದ್ದರೆ ಒಂದು ಬೀಟಿಗೆ 600 ಮಿಲಿಸೆಕೆಂಡ್. ಅದರ ಅರ್ಧ, 300ರ ಸುತ್ತ ಇಟ್ಟರೆ ಮುಂದಿನ ಪೆಟ್ಟು ಬೀಳುವುದರೊಳಗೆ ಹುಡುಗ ಗುಂಡಿಯನ್ನು ಬಹುಮಟ್ಟಿಗೆ ಬಿಟ್ಟಿರುತ್ತಾನೆ. ರೇಷಿಯೊ 2:1. ಸೂಜಿ ಹೆಚ್ಚೆಂದರೆ 2 ಡೆಸಿಬಲ್ ಅಲುಗಬೇಕು. ಮಾಸ್ಟರಿಂಗಿನಲ್ಲಿ ಸೂಜಿ 6, 8 ಅಂತ ಬೀಳುತ್ತಿದ್ದರೆ ರೋಗ ಮಿಕ್ಸಿನಲ್ಲಿದೆ, ಅಲ್ಲಿಗೆ ಹಿಂದಿರುಗುವುದೇ ಮದ್ದು. ಕೊಟೆಲ್ನಿಕೊವ್‌ನಲ್ಲಿ ‘ಡೆಲ್ಟಾ’ ಎಂಬ ಗುಂಡಿ ಇದೆ. ಒತ್ತಿದರೆ ಕಂಪ್ರೆಸರ್ ಏನನ್ನು ತಿಂದುಹಾಕುತ್ತಿದೆಯೋ ಅಷ್ಟೇ ಕೇಳುತ್ತದೆ. ಅದರೊಳಗೆ ಚೌಡಿಕೆ ಸ್ಪಷ್ಟವಾಗಿ ಕೇಳಿದರೆ ತಿಳಿಯಿರಿ, ಕೈ ಹೋಗುತ್ತಿದೆ.

ಪ್ಲಗಿನ್ ಹೋಲಿಸುವಾಗ ಒಂದು ಮೋಸ ನಮ್ಮ ಕಿವಿಯಲ್ಲೇ ಕೂತಿರುತ್ತದೆ. ಜೋರಾಗಿ ಕೇಳಿದ್ದೇ ಚೆಂದ ಅನಿಸುತ್ತದೆ. ಅರ್ಧ ಡೆಸಿಬಲ್ ಹೆಚ್ಚಿದ್ದರೂ ಸಾಕು, ‘ಇದು ಬೆಂಕಿ’ ಅನ್ನುತ್ತೇವೆ. ಆದ್ದರಿಂದ ಎರಡನ್ನೂ ಒಂದೇ ಮಟ್ಟಕ್ಕೆ ತಂದು, ಕಣ್ಣು ಮುಚ್ಚಿ, ಬೇರೆಯವರ ಕೈಯಲ್ಲಿ ಬದಲಿಸಲು ಹೇಳಿ ಕೇಳಬೇಕು. ಯೂಲೀನ್ ಎಂಬ ಲೌಡ್‌ನೆಸ್ ಮೀಟರಿನ ಉಚಿತ ಆವೃತ್ತಿ ಇದಕ್ಕೆ ಸಾಕು. ಹೀಗೆ ಕೇಳಿದಾಗ ಎಷ್ಟೋ ಹೆಸರಾಂತ ಪ್ಲಗಿನ್ನುಗಳ ನಡುವಿನ ಅಂತರ ಎಳ್ಳುಕಾಳಿನಷ್ಟಾಗುತ್ತದೆ. ಎಫ್‌ಎಲ್ ಜೊತೆಗೇ ಬರುವ ಫ್ರೂಟಿ ಲಿಮಿಟರ್‌ನಲ್ಲೂ ಕಂಪ್ರೆಸರ್ ಇದೆ. ಕಲಿಯಲು ಅದೇ ಬೇಕಾದಷ್ಟು. ಒಟಿಟಿ ಎಂಬ ಉಚಿತ ಪ್ಲಗಿನ್ ಸಿಂಥಿಗೆ ಹಾಕಿದರೆ ಮಿಂಚು, ಇಡೀ ಮಾಸ್ಟರಿಗೆ ಪೂರ್ತಿ ತಿರುವಿ ಹಾಕಿದರೆ ಖಾರದ ಪುಡಿಯ ಡಬ್ಬಿ ಮಗುಚಿದಂತೆ.

ಹಾಗಂತ ಒತ್ತುವುದೇ ಪಾಪ ಎನ್ನುವವರ ಜೊತೆಗೂ ನಾನಿಲ್ಲ. ರಾಮದುರ್ಗದ ಗೆಳೆಯನ ಮನೆಯಲ್ಲಿ ಮಗ್ಗ ನಡೆಯುತ್ತದೆ. ಆ ಖಟಖಟದ ನಡುವೆ ಫೋನಿನಲ್ಲಿ ಹಾಡು ಕೇಳುವವರಿಗೆ ಮೆಲುದನಿ ಎಂಬುದೇ ಇರುವುದಿಲ್ಲ. ಏರಿಳಿತ ಪೂರ್ತಿ ಉಳಿಸಿದ ಮಾಸ್ಟರನ್ನು ಅಲ್ಲಿ ಹಾಕಿದಾಗ ಪದದ ಅರ್ಧ ಸಾಲುಗಳು ಮಗ್ಗದ ಪಾಲಾದವು. ಟ್ರ್ಯಾಕ್ಟರ್ ಇಂಜಿನ್ನಿನ ಪಕ್ಕವೂ ಅದೇ ಕಥೆ. ನಮ್ಮ ಹಾಡು ಕೇಳುವವರು ಸದ್ದಿನ ನಡುವೆ ದುಡಿಯುವ ಜನ. ಅವರಿಗೆ ಆಯಿಯ ಮೆಲ್ಲಗಿನ ಮೀಟು ಮುಟ್ಟಬೇಕಾದರೆ ಅದನ್ನು ಸ್ವಲ್ಪ ಎತ್ತಲೇಬೇಕು. ಇದಕ್ಕೆ ನೆರವಾದದ್ದು ಪ್ಲಗಿನ್ನಿನ ಡ್ರೈ ಮಿಕ್ಸ್. ಜೋರಾಗಿ ಒತ್ತಿದ ಪ್ರತಿಯ ಜೊತೆಗೆ ಒತ್ತದ ಮೂಲವನ್ನೂ ಬೆರೆಸುವ ಉಪಾಯ. ಮೊನೆ ಮೂಲದಿಂದ ಬರುತ್ತದೆ, ಮೈ ಒತ್ತಿದ್ದರಿಂದ.

ಕೊನೆಗೆ ಲಿಮಿಟರ್. ಯಾರ ಹಾಡು ಜೋರು ಎಂಬ ಜಿದ್ದು ಶುರುವಾಗುವುದು ಇಲ್ಲಿ. ಆದರೆ ಯೂಟ್ಯೂಬ್ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ ಜೋರಿರುವ ಹಾಡನ್ನು ತಾನೇ ಇಳಿಸುತ್ತದೆ. ನೀವು ಜಜ್ಜಿ ಮೈನಸ್ 6ಕ್ಕೆ ಒಯ್ದರೆ ಅದು 8 ಡೆಸಿಬಲ್ ಕೆಳಗೆ ತಳ್ಳುತ್ತದೆ. ಜೋರೂ ಹೋಯಿತು, ಏರಿಳಿತವೂ ಹೋಯಿತು. ಇನ್ನು ಜಾತ್ರೆಯ ಬಾಕ್ಸುಗಳ ಸದ್ದು ಡಿಜೆ ಆಪರೇಟರ್ ಕೈಯಲ್ಲಿರುತ್ತದೆ. 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ವಸತಿ ಪ್ರದೇಶದ ಹಗಲಿನ ಮಿತಿಯೇ 55 ಡೆಸಿಬಲ್. ಕಡಿಮೆ ವಾಲ್ಯೂಮಿನಲ್ಲೂ ಕುಣಿಸುವ ಮಾಸ್ಟರ್ ಮಾಡುವುದು ಈಗ ನಮ್ಮ ಹೊಟ್ಟೆಪಾಡಿನ ವಿಷಯವೂ ಹೌದು. ಬಾಕ್ಸುಗಳು ಬಹಳ ಸಲ ಮೋನೊದಲ್ಲಿ ಓಡುತ್ತವೆ. ಎಡ-ಬಲ ಅಗಲಿಸಿ ಮಾಡಿದ ಚಮತ್ಕಾರ ಅಲ್ಲಿ ಮಾಯವಾಗುತ್ತದೆ. ಮೋನೊ ಒತ್ತಿ ಒಮ್ಮೆ ಕೇಳಿಯೇ ಫೈಲು ಹೊರಗೆ ಬಿಡಿ.

ಹೊಸ ಮಾಸ್ಟರನ್ನು ಕಿತ್ತೂರಿನ ಒಬ್ಬ ಡಿಜೆಯ ಬಾಕ್ಸಿನಲ್ಲಿ, ರಾಮದುರ್ಗದ ಮಗ್ಗದ ಪಕ್ಕ, ಬೈಲಹೊಂಗಲದ ಟ್ರ್ಯಾಕ್ಟರಿನಲ್ಲಿ ಕೇಳಿ, ಕಡೆಗೆ ಸವದತ್ತಿಗೆ ಒಯ್ದೆವು. ಆಯಿ ಎರಡು ಸಲ ಹಾಕಿಸಿದರು. ‘ಕೈ ಬಂತು’ ಅಂದರು. ಉಬ್ಬಿದೆವು. ತಕ್ಷಣವೇ, ‘ಆ ಡಬಡಬ ಅನ್ನೂದು ಯಾಕ ಬೇಕ?’ ಎಂದರು. ಕಿಕ್ ಇಲ್ಲದೆ ಹುಡುಗರು ಕುಣಿಯುವುದಿಲ್ಲವೆಂದು ಗೆಳೆಯ ವಾದಿಸಿದ. ‘ಗುಡ್ಡಕ್ಕ ಬಂದವ್ರು ನಮ್ಮ ಪದಕ್ಕ ಕುಣದಿಲ್ಲೇನು?’ ಎಂದಾಗ ಅವನ ಬಳಿ ಉತ್ತರವಿರಲಿಲ್ಲ. ಮಿಕ್ಸಿಗೆ ಹಿಂದಿರುಗಿ ಕಿಕ್ಕನ್ನು ಒಂದೂವರೆ ಡೆಸಿಬಲ್ ಇಳಿಸಿದೆವು. ಅದಕ್ಕಿಂತ ಹೆಚ್ಚು ಇಳಿಸಲು ಅವನು ಬಿಡಲಿಲ್ಲ.

ಈಗ ಪೆನ್‌ಡ್ರೈವಿನಲ್ಲಿ ಆ ಹಾಡಿನ ಮೂರು ಫೈಲುಗಳಿವೆ. ಟ್ರ್ಯಾಕ್ಟರಿಗೆ ಒಂದು, ಯೂಟ್ಯೂಬಿಗೆ ಒಂದು. ಮೂರನೆಯದರಲ್ಲಿ ಬೀಟೂ ಇಲ್ಲ, ಕಂಪ್ರೆಸರೂ ಇಲ್ಲ. ಅದು ಆಯಿಯ ಫೋನಿಗೆ.